ಮೊಣಕಾಲುದ್ದ ನೀರಿಗೊಂದು ಪರವಾನಗಿ

ನಮ್ಮ ಮಾವ ಉಂಗುರ ಕಳೆದುಕೊಂಡವರಲ್ಲ, ಹೂತಿಟ್ಟವರು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಅವರು ನನ್ನ ಮುಂದೆ ಬಾಯಿ ಬಿಟ್ಟಾಗ ನಾನೂ ತಪ್ಪಾಗಿಯೇ ಕೇಳಿದ್ದೆ.

"ಕಳ್ಕೊಂಡ್ರಾ?"

"ಕಳ್ಕೊಳ್ಳೋದು ಬೇರೆ ಕಣಯ್ಯ. ನಾನು ಇಟ್ಟೆ. ಇಟ್ಟ ಜಾಗ ಹೋಯ್ತು."

ಇದನ್ನು ಹೇಳುವಾಗ ಅವರು ಕಡಲತೀರದ ಕಾವಲು ಗೂಡಿನ ಹಿಂದೆ, ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿಕೊಂಡು, ಒದ್ದೆ ಚಪ್ಪಲಿಯನ್ನು ಎದೆಗೆ ಅವಚಿಕೊಂಡು ನಿಂತಿದ್ದರು. ಕಣ್ಣು ನನ್ನ ಮೇಲಿರಲಿಲ್ಲ, ನೀರಿನ ಮೇಲಿತ್ತು. ಇಡೀ ಸಮುದ್ರ ಅವರ ಜೇಬಿಗೆ ಕೈ ಹಾಕಿ ಓಡಿಹೋದಂತೆ ನೋಡುತ್ತಿದ್ದರು.

ಮಾವ ಎಂದರೆ ನನ್ನ ತಾಯಿಯ ಅಣ್ಣ. ಊರಿನ ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಬಾಯ್ಲರ್ ನೋಡಿಕೊಂಡೇ ತಲೆ ನರೆಸಿಕೊಂಡು ನಿವೃತ್ತರಾದವರು. ಆ ಬಾಯ್ಲರ್ ಅವರ ಎಡಗಿವಿಯನ್ನು ಪೂರ್ತಿ ನುಂಗಿ, ಬಲಗಿವಿಯನ್ನು ಅರ್ಧಕ್ಕೆ ಬಿಟ್ಟಿತ್ತು. ಅತ್ತೆ ಅದೇ ವಿಭಾಗದಲ್ಲಿ ಇಸ್ತ್ರಿ ಯಂತ್ರದ ಮುಂದೆ ಇನ್ನೂ ಪಾಳಿಯ ಮೇಲೆ ನಿಲ್ಲುತ್ತಾರೆ. ಆಸ್ಪತ್ರೆಯ ಹಾಸಿಗೆ ಬಟ್ಟೆಗಳೆಲ್ಲ ಅವರ ಕೈಯಡಿಯಿಂದಲೇ ದಾಟಿ ಹೋಗಬೇಕು. ಹಬೆಯಲ್ಲಿ ಬೆಂದು ಬೆಂದು ಅವರ ಬೆರಳಿನ ಗೆಣ್ಣುಗಳು ಊದಿಕೊಂಡಿವೆ. ಮನೆಗೆ ಬಂದ ಕೂಡಲೇ ಬಿಸಿ ಉಪ್ಪುನೀರಿನ ಬಟ್ಟಲಲ್ಲಿ ಕೈ ಅದ್ದಿ ಕಣ್ಣು ಮುಚ್ಚಿ ಕೂರುತ್ತಾರೆ. ಆ ಹೊತ್ತಿನಲ್ಲಿ ಅವರನ್ನು ಯಾರೂ ಮಾತಾಡಿಸುವುದಿಲ್ಲ. ಮಾತಾಡಿಸಿದವರು ಉಳಿದಿಲ್ಲ.

ನಾನು ಅವರ ಮನೆಯ ಹಿಂದಿನ ಕೋಣೆಯಲ್ಲಿರುವವನು. ಊಟದ ಹೊತ್ತಿಗೆ ಸರಿಯಾಗಿ ಹಾಜರಾಗಿ, ಪಾತ್ರೆ ತೊಳೆಯುವ ಹೊತ್ತಿಗೆ ಸರಿಯಾಗಿ ನಿದ್ದೆ ಬರುವವರ ಪೈಕಿ. ಕೆಲಸ, ಕಡಲತೀರದ ಕಚೇರಿಯಲ್ಲಿ ಗುತ್ತಿಗೆ ಕಾವಲುಗಾರ. ಮೈಮೇಲೆ ಕಿತ್ತಳೆ ಬಣ್ಣದ ತೋಳಿಲ್ಲದ ಕೋಟು. ಅದರೊಳಗೆ ಇನ್ನೊಬ್ಬ ಕಾವಲುಗಾರನಿಗೂ ಧಾರಾಳವಾಗಿ ಜಾಗವಿದೆ. ಕೊರಳಲ್ಲಿ ಸೀಟಿ. ನಾನು ಊದಿದರೆ ನಾಯಿಗಳು ತಿರುಗಿ ನೋಡುತ್ತವೆ. ಮನುಷ್ಯರು, ಪಾಪ, ಬೇರೆ ಕೆಲಸದಲ್ಲಿರುತ್ತಾರೆ. ಗೆಳೆಯರು ನನ್ನನ್ನು 'ಮರಳು ಪೊಲೀಸ್' ಎನ್ನುತ್ತಾರೆ. ಮನೆಯಲ್ಲಿ ಮಾತ್ರ ನನಗೆ ಆ ದರ್ಜೆಯೂ ಇಲ್ಲ.

ಲೋಹ ಹುಡುಕುವ ಯಂತ್ರದವರಿಗೆಂದೇ ತೀರದ ಬಾಗಿಲಲ್ಲಿ ಒಂದು ಹಸಿರು ಫಲಕವಿದೆ. ಕೆಲಸಕ್ಕೆ ಸೇರುವಾಗ ಅದನ್ನು ನಾನು ಉರುಹೊಡೆದಿದ್ದೆ; ಇವತ್ತಿಗೂ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೆ ಹೇಳುತ್ತೇನೆ, ಆದರೆ ಯಾರೂ ಎಬ್ಬಿಸುವುದಿಲ್ಲ. ಒಣ ಮರಳಿನಲ್ಲಿ ಹುಡುಕಲು ಒಂದು ಬಿಲ್ಲೆ ಕೊರಳಿಗೆ ಹಾಕಿಕೊಂಡರೆ ಸಾಕು. ತೋಡಿದ ಗುಂಡಿಯನ್ನು ಮುಚ್ಚಿಯೇ ಮುಂದಿನ ಹೆಜ್ಜೆ ಇಡಬೇಕು, ಇಲ್ಲದಿದ್ದರೆ ಓಡುವ ಮಕ್ಕಳ ಕಾಲು ಉಳುಕುತ್ತದೆ. ಅಗೆದು ತೆಗೆದ ಮೊಳೆ, ಮುಚ್ಚಳ, ತಂತಿ ಚೂರನ್ನು ಅಲ್ಲೇ ಎಸೆಯುವಂತಿಲ್ಲ, ಹೊತ್ತುಕೊಂಡೇ ಹೋಗಬೇಕು. ಹಕ್ಕಿಗಳು ಮೊಟ್ಟೆಯಿಡುವ ದಿಬ್ಬದ ಹತ್ತಿರ ಸುಳಿಯಬಾರದು. ನೀರಿಗೆ ಇಳಿಯುವುದಾದರೆ ಬೇರೆ ಪರವಾನಗಿ. ಅದೂ ಸ್ನಾನಕ್ಕಿಳಿಯುವವರ ಬಾವುಟ ಏರುವ ಮುನ್ನ, ಇಳಿತದ ಹೊತ್ತಿನಲ್ಲಿ, ಮೊಣಕಾಲು ಮುಳುಗದಷ್ಟು ನೀರಿನಲ್ಲಿ, ದಡದ ಮೇಲೆ ಒಬ್ಬ ಕಾವಲುಗಾರ ನಿಂತಿದ್ದರೆ ಮಾತ್ರ. ಹಿಂದೊಮ್ಮೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಸೊಂಟದವರೆಗೆ ಇಳಿದಿದ್ದ ಒಬ್ಬರಿಗೆ ಹಿಂದಿನಿಂದ ಬಂದ ಅಲೆಯೂ ಕೇಳಲಿಲ್ಲ, ದಡದವರ ಕೂಗೂ ಕೇಳಲಿಲ್ಲವಂತೆ. ಕೊನೆಯದು, ನೀರಿನಲ್ಲಿ ಸಿಕ್ಕ ಬೆಲೆಬಾಳುವ ಯಾವ ವಸ್ತುವಾದರೂ ಅಂದೇ ಕಚೇರಿಗೆ ಒಪ್ಪಿಸಬೇಕು. ಈಜುವವರ ಬೆರಳಿನಿಂದ, ಕೊರಳಿನಿಂದ ಜಾರಿದ್ದು ಅದು. ಅದಕ್ಕೊಬ್ಬ ಯಜಮಾನ ಇದ್ದೇ ಇರುತ್ತಾನೆ.

ಈ ಫಲಕವನ್ನು ಪ್ರೀತಿಸುವ ಒಬ್ಬನೇ ಒಬ್ಬ ಮನುಷ್ಯನನ್ನು ನಾನು ಕಂಡಿದ್ದೇನೆ, ಅದು ನಮ್ಮ ಮಾವ. ನಿವೃತ್ತಿಯ ದಿನ ಬಾಯ್ಲರ್ ಕೋಣೆಯ ಗೆಳೆಯರು ಸೇರಿ ಅವರಿಗೊಂದು ಹಳೆಯ ಯಂತ್ರ ಕೊಡಿಸಿದ್ದರು. ಉದ್ದ ಕೋಲು, ತುದಿಯಲ್ಲಿ ತಟ್ಟೆ, ಕಿವಿಗೆ ಹೆಡ್‌ಫೋನ್. ಅಂದಿನಿಂದ ಒಣ ಮರಳಿನ ಬಿಲ್ಲೆ ತೂಗಿಸಿಕೊಂಡು ತೀರವನ್ನು ಗುಡಿಸುವವರ ಹಾಗೆ ಓಡಾಡುತ್ತಿದ್ದರು. ಬೇರೆಯವರು ಬಿಟ್ಟ ಗುಂಡಿಗಳನ್ನೂ ತಾವೇ ಮುಚ್ಚುತ್ತಿದ್ದರು. ನಾನು ಸಂಬಳ ತಗೊಂಡು ಮಾಡಬೇಕಾದ ಕೆಲಸವನ್ನು ಅವರು ಪುಕ್ಕಟೆ ಮಾಡುತ್ತಿದ್ದುದರಿಂದ ನನಗೆ ಅವರ ಮೇಲೆ ವಿಶೇಷ ಗೌರವವಿತ್ತು.

"ನಾನು ಪಕ್ಕದಲ್ಲಿ ನಿಂತು ಕರೆದ್ರೆ ಕೇಳಲ್ಲ, ಮರಳೊಳಗಿರೋ ಸೋಡಾ ಮುಚ್ಚಳ ಕರೆದ್ರೆ ಕೇಳತ್ತೆ ನಿಮ್ಮ ಮಾವನಿಗೆ" ಎಂದು ಅತ್ತೆ ಹೇಳುತ್ತಿದ್ದರು.

ಉಂಗುರದ ಕಥೆಗೆ ಬರುತ್ತೇನೆ. ಅದು ಮಾವ ತಮ್ಮ ಮೊದಲ ಸಂಬಳದಲ್ಲಿ ಅತ್ತೆಗೆ ಮಾಡಿಸಿಕೊಟ್ಟದ್ದು. ಸಾದಾ ಚಿನ್ನ, ಕಲ್ಲಿಲ್ಲ, ಕೆತ್ತನೆಯಿಲ್ಲ. ಬೆರಳು ಊದಿಕೊಂಡ ಮೇಲೆ ಅದು ಬಟ್ಟೆ ಕಪಾಟಿನ ಮೂಲೆ ಸೇರಿತ್ತು. ಒಂದು ದಿನ ಅತ್ತೆ ಅದನ್ನು ತಾವೇ ತೆಗೆದು ಮಾವನ ಕೈಗಿಟ್ಟರು. "ಸ್ವಲ್ಪ ದೊಡ್ಡದು ಮಾಡಿಸ್ಕೊಂಡು ಬನ್ನಿ. ಹಾಕ್ಕೋಬೇಕು ಅನ್ಸ್ತಿದೆ" ಎಂದರು. ಯಾಕೆ ಎಂದು ನಾವಿಬ್ಬರೂ ಕೇಳಲಿಲ್ಲ. ಕೇಳಬೇಕಿತ್ತೇನೋ.

ಮಾವ ಅಕ್ಕಸಾಲಿಗನ ಅಂಗಡಿಗೆ ಹೋದರು. ಮಧ್ಯಾಹ್ನದ ಬಿಡುವು, ಬಾಗಿಲು ಹಾಕಿತ್ತು. ಮನೆಗೆ ವಾಪಸ್ಸು ಬರಬಹುದಿತ್ತು. ಆದರೆ ಯಂತ್ರದವರಿಗೆ ಒಂದು ಚಟವಿದೆ, ಅದನ್ನು ಇಲ್ಲಿ ಹೇಳಲೇಬೇಕು. ತಂಪು ಪಾನೀಯದ ತಗಡಿನ ಡಬ್ಬಿಯನ್ನು ಎಳೆದು ತೆಗೆಯುವ ಕೊಂಡಿ ಇದೆಯಲ್ಲ, ಅದಕ್ಕೂ ಚಿನ್ನದ ಉಂಗುರಕ್ಕೂ ಯಂತ್ರ ಕೊಡುವ ಸದ್ದು ಹೆಚ್ಚುಕಡಿಮೆ ಒಂದೇ. ಮಾವ ಅಷ್ಟು ದಿನದಲ್ಲಿ ಕೊಂಡಿಗಳನ್ನೇ ಒಂದು ಚೀಲ ಅಗೆದಿದ್ದರು. ನಿಜವಾದ ಚಿನ್ನ ಹೇಗೆ ಕೂಗುತ್ತದೆ ಎಂದು ಕಿವಿಗೆ ಪಾಠ ಮಾಡಬೇಕಾದರೆ ಚಿನ್ನವನ್ನೇ ಹೂತು, ಮೇಲೆ ತಟ್ಟೆ ಆಡಿಸಿ ಕೇಳಬೇಕು. ಮನೆಯಲ್ಲಿದ್ದ ಚಿನ್ನವೆಂದರೆ ಅದೊಂದೇ. ಅದು ಆಗ ಅವರ ಜೇಬಿನಲ್ಲಿತ್ತು.

ಮಾವ ಅಜಾಗರೂಕರೇನಲ್ಲ. ಉಂಗುರಕ್ಕೆ ದಾರ ಕಟ್ಟಿದರು, ದಾರದ ಇನ್ನೊಂದು ತುದಿಯನ್ನು ಐಸ್‌ಕ್ರೀಮ್ ಕಡ್ಡಿಗೆ ಕಟ್ಟಿ ನೆಟ್ಟರು. ಒದ್ದೆ ಮರಳು ಶುರುವಾಗುವ ಅಂಚಿನಲ್ಲೇ ಹೂತರು, ಒದ್ದೆಯಲ್ಲಿ ಸದ್ದು ಹೇಗೆ ಬದಲಾಗುತ್ತದೆ ಎಂದೂ ತಿಳಿಯಬೇಕಿತ್ತಂತೆ. ಅಷ್ಟರಲ್ಲಿ ಒಬ್ಬ ಅಪರಿಚಿತ ಓಡಿಬಂದು, ಕಾರಿನ ಬೀಗದಕೈ ಮರಳಲ್ಲಿ ಬಿದ್ದುಹೋಗಿದೆ, ಕಾರಿನೊಳಗೆ ಹೆಂಡತಿ ಮಕ್ಕಳು ಬೇಯುತ್ತಿದ್ದಾರೆ ಎಂದು ಅಂಗಲಾಚಿದ. ಬೀಗದಕೈ ಇಲ್ಲಿದ್ದರೆ ಅವರು ಒಳಗೆ ಹೇಗೆ ಹೋದರು ಎಂದು ನಾನು ಆಮೇಲೆ ಕೇಳಿದೆ. ಮಾವನಿಗೆ ಆಗ ಹಾಗೆಲ್ಲ ಹೊಳೆಯಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಯಾರೋ ಅವರ ಯಂತ್ರವನ್ನು ನಂಬಿ ಬಂದಿದ್ದರು. ತೀರದ ಆ ತುದಿಗೆ ಹೋದರು, ಹುಡುಕಿದರು, ಹುಡುಕಿಯೇ ಕೊಟ್ಟರು. ಸುತ್ತ ನೆರೆದಿದ್ದವರು ಚಪ್ಪಾಳೆ ತಟ್ಟಿದರು. ಯಾರೋ ಫೋಟೋ ತೆಗೆದರು. ಎದೆಯುಬ್ಬಿಸಿಕೊಂಡು ಹಿಂದಿರುಗುವಷ್ಟರಲ್ಲಿ ಭರತ ಏರಿ ನೀರು ಮೇಲೆ ಬಂದಿತ್ತು, ಕಡ್ಡಿಯಿದ್ದ ಜಾಗದಲ್ಲಿ ನಾಲ್ಕು ಜನ ಚೆಂಡಾಡುತ್ತ ನೀರೆರಚಿಕೊಳ್ಳುತ್ತಿದ್ದರು.

"ಚಿನ್ನ ಭಾರ, ಎಲ್ಲೂ ಹೋಗಲ್ಲ. ಮರಳು ಹೋಗತ್ತೆ" ಎಂದರು ಮಾವ, ಕಾವಲು ಗೂಡಿನ ಹಿಂದೆ ನಿಂತು. ಸ್ವಲ್ಪ ಹೊತ್ತಿನ ಮೇಲೆ, "ಆದ್ರೆ ಆ ದಾರ ಇದೆಯಲ್ಲ. ಜೋಪಾನಕ್ಕೆ ಅಂತ ಕಟ್ಟಿದ್ದು. ಅದನ್ನ ಹಿಡ್ಕೊಂಡು ನೀರು ಎಳ್ಕೊಂಡು ಹೋಗಿದ್ರೆ?" ಎಂದರು.

"ಕಚೇರೀಲಿ ದೂರು ಕೊಡೋಣ ಮಾವ. ಬೇರೆ ಯಂತ್ರದವರಿಗೆ ಸಿಕ್ಕರೂ ತಂದು ಕೊಡ್ತಾರೆ."

"ದೂರು ಯಾರು ಕೊಡಬೇಕು?"

"ಉಂಗುರ ಯಾರದ್ದೋ ಅವರು."

"ಹಂಗಾದ್ರೆ ಬೇಡ" ಎಂದರು. ನೀರಿನ ಪರವಾನಗಿಗೆ ಮಾತ್ರ ಅಂದೇ ಅರ್ಜಿ ಹಾಕಿದರು.

ಕಚೇರಿಯ ಮೇಡಂ ಎಂದರೆ ದಣಿದ ಕಣ್ಣಿನ, ಯಾವಾಗಲೂ ಮೇಜಿನ ಕೆಳಗೆ ಚಪ್ಪಲಿ ಬಿಟ್ಟು ಕೂರುವ ಮಧ್ಯವಯಸ್ಸಿನ ಹೆಂಗಸು. ಪರವಾನಗಿಗೆ ಮೊಹರು ಒತ್ತಿ, ನನ್ನ ಕಡೆ ತಿರುಗಿ, "ನಿಮ್ಮ ಮಾವನೇ ಅಲ್ವಾ? ದಡದ ಮೇಲೆ ನೀವೇ ನಿಂತ್ಕೊಳ್ಳಿ. ಬೇರೆ ಯಾರು ಅಷ್ಟು ಬೇಗ ಎದ್ದು ಬರ್ತಾರೆ" ಎಂದರು. ಅಷ್ಟು ಬೇಗ ಏಳುವವರ ಪೈಕಿ ನಾನೂ ಅಲ್ಲ ಎಂದು ಹೇಳಲು ಬಾಯಿ ತೆರೆದೆ. ಆಕಳಿಕೆ ಬಂತು.

ಅಲ್ಲಿಂದ ಶುರುವಾಯಿತು ನಮ್ಮ ಬೆಳಗಿನ ಸೇವೆ. ಇಳಿತಕ್ಕೆ ನಮ್ಮ ಅನುಕೂಲ ಗೊತ್ತಿಲ್ಲ, ದಿನವೂ ಹೊತ್ತು ಬದಲಿಸುತ್ತದೆ. ಬೆಳಗಿನ ಇಳಿತ ಸಿಕ್ಕ ದಿನಗಳಲ್ಲಿ ನಸುಕಿಗೇ ಹೋಗುತ್ತಿದ್ದೆವು. ಸಿಗದ ದಿನಗಳಲ್ಲಿ ಮಾವ ಮನೆಯಲ್ಲಿ ಕೂತು ಸುಳ್ಳು ಹೇಳುತ್ತಿದ್ದರು. ಹುಡುಕುವುದಕ್ಕಿಂತ ಅದೇ ಹೆಚ್ಚು ಸುಸ್ತಿನ ಕೆಲಸವಾಗಿತ್ತು. ಮೊದಲು ಅಕ್ಕಸಾಲಿಗನಿಗೆ ಜ್ವರ ಬಂತು. ಆಮೇಲೆ ಅವನ ಒಲೆ ಕೆಟ್ಟಿತು. ಅದೂ ಸಾಲದೆಂದು ಒಂದು ಸಂಜೆ ಅವನ ತಾಯಿ ತೀರಿಹೋದರು. ಅತ್ತೆ ಪಾಳಿ ಮುಗಿಸಿ ಬಂದವರು ಕೈ ಅದ್ದುವುದನ್ನೂ ಬಿಟ್ಟು, "ಅಯ್ಯೋ ಪಾಪ" ಎಂದು ಒಂದು ಕೇಕ್ ಬೇಯಿಸಿ, ಅಂಗಡಿಯವನ ಮನೆಗೆ ಕೊಟ್ಟು ಬನ್ನಿ ಎಂದು ನಮ್ಮನ್ನು ಕಳಿಸಿದರು. ನಾವಿಬ್ಬರೂ ಅದನ್ನು ಹಿಡಿದುಕೊಂಡು ಬಸ್‌ ನಿಲ್ದಾಣದ ಬೆಂಚಿನ ಮೇಲೆ ಬಹಳ ಹೊತ್ತು ಕೂತಿದ್ದೆವು. ಕೊನೆಗೆ ಹಸಿವಾಯಿತು.

ಹುಡುಕುವ ಕೆಲಸ ಹೊರಗಿನವರಿಗೆ ಆಟದಂತೆ ಕಾಣುತ್ತದೆ. ಮೊಣಕಾಲುದ್ದ ನೀರಿನಲ್ಲಿ ತಟ್ಟೆಯನ್ನು ಎಡಕ್ಕೂ ಬಲಕ್ಕೂ ಎಳೆಯುವುದೆಂದರೆ ಗಂಜಿಯಲ್ಲಿ ಬಾಗಿಲು ತೆರೆದ ಹಾಗೆ. ಸದ್ದು ಬಂದಲ್ಲಿ ತೂತಿನ ದೊಡ್ಡ ಸೌಟನ್ನು ಕಾಲಿನಿಂದ ಒತ್ತಿ, ಮರಳು ಎತ್ತಿ, ನೀರಲ್ಲಿ ಅಲುಗಿಸಿ ನೋಡಬೇಕು. ಕೊಂಡಿ. ಮತ್ತೆ ಎತ್ತಬೇಕು. ಮೊಳೆ. ಮಾವ ಅದನ್ನೆಲ್ಲ ಸೊಂಟದ ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ಹೊತ್ತು ಏರಿದಂತೆ ಚೀಲ ಭಾರವಾಗುತ್ತಿತ್ತು, ಮಾವ ಒಂದು ಕಡೆಗೆ ವಾಲುತ್ತಿದ್ದರು. ನಾನು ದಡದಲ್ಲಿ ನಿಂತು ಅವರ ಮೊಣಕಾಲು ಕಾಣುತ್ತಿದೆಯೇ ಎಂದು ನೋಡುತ್ತಿದ್ದೆ. ಓದು ಮುಗಿಸಿ ನಾನು ಸೇರಿದ ಉದ್ಯೋಗದ ಸಾರಾಂಶ ಅದು: ಸ್ವಂತ ಮಾವನ ಮೊಣಕಾಲು ಕಾಯುವುದು.

ಹೀಗೆ ಒಂದು ಬೆಳಿಗ್ಗೆ ಮಾವ ಸೌಟು ಅಲುಗಿಸುವುದನ್ನು ನಿಲ್ಲಿಸಿದರು. ಹೆಡ್‌ಫೋನನ್ನು ಕೊರಳಿಗೆ ಇಳಿಸಿಕೊಂಡು ದಡಕ್ಕೆ ಬಂದು, ಅಂಗೈ ತೆರೆದರು. ಉಂಗುರ. ಚಿನ್ನ, ಸಾದಾ, ಕಲ್ಲಿಲ್ಲ.

"ಸಿಕ್ತಲ್ಲ ಮಾವ" ಎಂದೆ. ಕಾಲಿನ ಜೋಮೆಲ್ಲ ಇಳಿದುಹೋಯಿತು.

"ಇದು ಅದಲ್ಲ."

"ಹೆಂಗೆ ಗೊತ್ತು?"

"ದೊಡ್ಡದು. ಅವಳದ್ದು ನನ್ನ ಕಿರುಬೆರಳಿಗೂ ಇಳೀತಿರಲಿಲ್ಲ." ಅವರು ಅದನ್ನು ಕಿರುಬೆರಳಿಗೆ ಹಾಕಿ ತೋರಿಸಿದರು. ಸಲೀಸಾಗಿ ಇಳಿಯಿತು.

ಇಬ್ಬರೂ ಮರಳಿನ ಮೇಲೆ ಕೂತೆವು. ನನ್ನ ತಲೆಗೆ ಬಂದದ್ದೇ ಅವರ ತಲೆಗೂ ಬಂದಿತ್ತು ಎನ್ನುವುದು ಅವರು ಉಂಗುರವನ್ನು ಬೆರಳಿನಲ್ಲೇ ಬಿಟ್ಟುಕೊಂಡಿದ್ದರಿಂದಲೇ ತಿಳಿಯುತ್ತಿತ್ತು. ಅತ್ತೆ ದೊಡ್ಡದು ಮಾಡಿಸಲು ತಾನೇ ಕೊಟ್ಟದ್ದು? ಇದು ದೊಡ್ಡದೇ ಇದೆ.

"ಮಾವ, ನಾನು ಆ ಕಡೆ ನೋಡ್ತಾ ಇದ್ದೆ" ಎಂದೆ. "ನೀರಲ್ಲಿ ಏನು ಸಿಕ್ತು, ಏನು ಬಿಡ್ತು, ನಂಗೇನೂ ಗೊತ್ತಿಲ್ಲ."

"ನಿಂಗೆ ಸಂಬಳ ಕೊಡೋದು ಈ ಕಡೆ ನೋಡೋಕೆ."

"ಅದು ಹೌದು. ಆದ್ರೂ."

ಮಾವ ಉಂಗುರವನ್ನು ಬೆರಳಿನಿಂದ ತೆಗೆದು ಅಂಗೈಯಲ್ಲಿ ಹೊರಳಿಸಿದರು. ಮುಖ ಹಿಂಡಿಹೋಗಿತ್ತು, ತುಟಿ ಉಪ್ಪಿಗೆ ಒಡೆದಿತ್ತು. "ಕೊಟ್ಟರೆ ತಗೋತಾಳೆ. ಗೊತ್ತಾಗೋದೂ ಇಲ್ಲ. ಆದ್ರೆ ಅವಳು ಅದನ್ನ ಹಾಕ್ಕೊಂಡು ಅನ್ನ ಬಡಿಸ್ತಾಳೆ, ಬಟ್ಟೆ ಮಡಚ್ತಾಳೆ. ಎದುರಿಗೆ ಕೂತು ನೋಡ್ಬೇಕಾದವನು ನಾನು ತಾನೇ" ಎಂದರು. ಎದ್ದು ಉಂಗುರವನ್ನು ನನ್ನ ಕೈಗೆ ಹಾಕಿದರು. "ಮೇಡಂಗೆ ಕೊಡು. ನನಗೆ ಸಾಕಾಗಿದೆ. ಇವತ್ತು ಹೇಳಿಬಿಡ್ತೀನಿ."

ಹೇಳಿದರು. ಆದರೆ ಹೊತ್ತು ಆರಿಸಿಕೊಂಡದ್ದು ಅವರ ಶೈಲಿಯಲ್ಲೇ, ಅತ್ತೆ ಬಟ್ಟಲಲ್ಲಿ ಕೈ ಅದ್ದಿ ಕಣ್ಣು ಮುಚ್ಚಿದ್ದಾಗ. ನಾನು ಬಾಗಿಲಿಗೆ ಹತ್ತಿರವಾಗಿ ನಿಂತುಕೊಂಡೆ.

"ಏನೇ, ಆ ಉಂಗುರ ಅಂಗಡೀಲಿಲ್ಲ."

"ಮತ್ತೆಲ್ಲಿದೆ?"

"ಸಮುದ್ರದಲ್ಲಿ."

ಅತ್ತೆ ಒಂದು ಕಣ್ಣು ತೆರೆದು ನನ್ನ ಕಡೆ ನೋಡಿದರು. "ಇವರಿಗೇನು ಜ್ವರನಾ?"

"ಇಲ್ಲ ಅತ್ತೆ. ಬರೀ ಮೊಣಕಾಲುದ್ದ ನೀರಲ್ಲಿದೆ" ಎಂದೆ, ಆಳ ಕಡಿಮೆಯಿದ್ದರೆ ದುಃಖವೂ ಕಡಿಮೆಯಾದೀತು ಎಂಬಂತೆ.

ಮಾವ ಎಲ್ಲ ಹೇಳಿದರು. ದಾರ, ಕಡ್ಡಿ, ಬೀಗದಕೈ, ಚಪ್ಪಾಳೆ. ಚಪ್ಪಾಳೆಯನ್ನು ಬಿಡಬಹುದಿತ್ತು, ಬಿಡಲಿಲ್ಲ. ಬಟ್ಟಲಿನ ನೀರು ತಣ್ಣಗಾಗಿರಬೇಕು, ಆದರೂ ಅತ್ತೆ ಕೈ ತೆಗೆಯಲಿಲ್ಲ.

"ಅಂಗಡಿಯವನ ತಾಯಿ?"

"ಇದ್ದಾರೆ. ಮೊನ್ನೆ ತರಕಾರಿ ತಗೋತಿದ್ರು."

"ನಾನು ಕಳಿಸಿದ ಕೇಕು?"

ನಾವಿಬ್ಬರೂ ನಮ್ಮ ನಮ್ಮ ಕಾಲು ನೋಡಿಕೊಂಡೆವು.

"ಚೆನ್ನಾಗಿತ್ತಾ?"

"ಸಕ್ಕರೆ ಸ್ವಲ್ಪ ಮುಂದಾಗಿತ್ತು" ಎಂದರು ಮಾವ. ನಿಜ ಹೇಳಲು ಶುರು ಮಾಡಿದ ಮನುಷ್ಯನಿಗೆ ಎಲ್ಲಿ ನಿಲ್ಲಿಸಬೇಕು ಎಂದು ತಿಳಿಯುವುದಿಲ್ಲ.

ಅತ್ತೆ ನಗಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಮೂವರಿಗೂ ಹಗುರಾಗುತ್ತಿತ್ತು. ಕೈ ಒರೆಸಿಕೊಳ್ಳುತ್ತ, ಗೋಡೆಗೆ ಹೇಳುವಂತೆ ಹೇಳಿದರು: "ದಿನಾ ಪರರ ಹಾಸಿಗೆ ಬಟ್ಟೆ. ಯಾರ್ಯಾರೋ ಮಲಗಿದ್ದು, ಯಾರ್ಯಾರೋ ಹೋಗಿದ್ದು. ಅದನ್ನೆಲ್ಲ ಮುಟ್ಟೋ ಕೈ ಇದು. ಈ ಕೈಗೂ ನಂದು ಅಂತ ಒಂದು ಇರ್ಲಿ ಅನ್ಸ್ತು. ಕೇಳಿದ್ದೇ ಒಂದು ಸಲ. ಅದನ್ನೂ ಹೂತು ಪರೀಕ್ಷೆ ಮಾಡೋಕೆ ಹೋದ್ರಿ."

ಮಾವನಿಗೆ ಅಷ್ಟೂ ಕೇಳಿಸಿತು.

ಮಾರನೆಯ ಬೆಳಿಗ್ಗೆ ಅತ್ತೆ ಹೊರಗೆ ಹೋಗುವ ಬಟ್ಟೆ ಹಾಕಿಕೊಂಡು ನನ್ನ ಕೋಣೆಯ ಬಾಗಿಲು ತಟ್ಟಿದರು. "ನಿಮ್ಮ ಕಚೇರೀಲಿ ದೂರು ತಗೊಳ್ಳೋದು ಯಾವಾಗ? ನಂಗೆ ಮಧ್ಯಾಹ್ನ ಪಾಳಿ ಇದೆ." ಹಿಂದೆ ಮಾವ, ತಲೆ ಬಾಚಿಕೊಂಡು, ಶಾಲೆಗೆ ಕರೆದೊಯ್ಯುವವರ ಹಿಂದೆ ನಿಂತ ಹುಡುಗನ ಹಾಗೆ. ಮೂವರೂ ಬಸ್ಸು ಹತ್ತಿದೆವು.

ಮೇಡಂ ಅತ್ತೆಯನ್ನು ಕೂರಿಸಿ, ವಸ್ತು ಹೇಗಿತ್ತು ಎಂದು ಕೇಳಿದರು. "ಚಿನ್ನ. ಸಾದಾ. ಹಳೇದು" ಎಂದರು ಅತ್ತೆ. ಮೇಡಂ ಪೆನ್ನು ಕೆಳಗಿಟ್ಟು ನನ್ನನ್ನೊಮ್ಮೆ, ಬಾಗಿಲ ಬಳಿ ನಿಂತಿದ್ದ ಮಾವನನ್ನೊಮ್ಮೆ ನೋಡಿದರು. ಎದ್ದು ಕಪಾಟಿನ ಬೀಗ ತೆಗೆದು, ನಿನ್ನೆ ನಾನೇ ಒಪ್ಪಿಸಿದ್ದ ಉಂಗುರವನ್ನು ತಂದು ಅತ್ತೆಯ ಮುಂದಿಟ್ಟರು.

"ನಿನ್ನೆ ನೀರಲ್ಲಿ ಸಿಕ್ಕಿದ್ದು. ಬೇರೆ ಯಾರೂ ಕೇಳ್ಕೊಂಡು ಬಂದಿಲ್ಲ. ನೋಡಿ, ನಿಮ್ದೇ ಇರ್ಬಹುದು" ಎಂದರು. ಆ ದನಿಯಲ್ಲಿ ನಿಯಮ ಮಾತಾಡುತ್ತಿರಲಿಲ್ಲ. ಬೆಳಗಿನಿಂದ ಸಂಜೆವರೆಗೆ ಜನರ ಕಳೆದುಹೋದ ವಸ್ತುಗಳನ್ನು ಕೇಳಿ ಕೇಳಿ ಸುಸ್ತಾದ ಒಬ್ಬ ಹೆಂಗಸು ಇನ್ನೊಬ್ಬ ಸುಸ್ತಾದ ಹೆಂಗಸಿಗೆ ಬಾಗಿಲು ಸ್ವಲ್ಪ ತೆರೆದಿಟ್ಟಿದ್ದರು, ಅಷ್ಟೆ. ಹೌದು ಅನ್ನಿ ಅತ್ತೆ, ಎಂದು ನಾನು ಮನಸ್ಸಿನಲ್ಲೇ ಕೂಗಿದೆ.

ಅತ್ತೆ ಉಂಗುರವನ್ನು ಬೆಳಕಿಗೆ ಹಿಡಿದರು. ಬೆರಳಿಗೆ ಹಾಕಿದರು. ಊದಿದ ಗೆಣ್ಣನ್ನು ದಾಟಿ ಅದು ಮೆತ್ತಗೆ ಒಳಗೆ ಕೂತಿತು. ಕೈಯನ್ನು ಸ್ವಲ್ಪ ದೂರ ಚಾಚಿ ನೋಡಿದರು. ಆ ಕೈ ಅಷ್ಟು ಚೆಂದ ಕಂಡದ್ದನ್ನು ನಾನು ನೋಡಿರಲಿಲ್ಲ. ಆಮೇಲೆ ನಿಧಾನವಾಗಿ ತೆಗೆದು ಮೇಜಿನ ಮೇಲಿಟ್ಟರು.

"ಇದು ನಂಗೆ ಸರಿಯಾಗತ್ತೆ. ಹಂಗಾಗಿ ನಂದಲ್ಲ" ಎಂದರು. "ಇದನ್ನ ಕಳ್ಕೊಂಡೋಳೂ ಎಲ್ಲೋ ಕೂತು ಕೈ ನೋಡ್ಕೋತಿರ್ತಾಳೆ. ನಂದು ಬರ್ಕೊಳ್ಳಿ."

ಮೇಡಂ ಬರೆದುಕೊಂಡರು. ಸಿಕ್ಕರೆ ತಿಳಿಸಿ ಎಂದು ಯಂತ್ರದವರಿಗೆಲ್ಲ ಹೇಳುವುದಾಗಿ ಮಾತು ಕೊಟ್ಟರು. ಸಿಗುವುದು ಕಷ್ಟ ಎಂದು ಹೇಳಬೇಕಾದ್ದನ್ನು ಹೇಳಲಿಲ್ಲ.

ಹೊರಗೆ ಬಂದಾಗ ಬಿಸಿಲು ಏರಿತ್ತು. ಕಚೇರಿಯ ಮೆಟ್ಟಿಲಿನಿಂದ ತೀರವೆಲ್ಲ ಕಾಣುತ್ತದೆ. ಅತ್ತೆ ಅಲ್ಲೇ ನಿಂತರು. ಈ ಊರಲ್ಲೇ ಇದ್ದರೂ ಅವರು ಸಮುದ್ರದ ಕಡೆ ಬಂದು ಎಷ್ಟೋ ವರ್ಷವಾಗಿತ್ತು. ಪಾಳಿ ಮುಗಿಸಿದವರು ಹಾಸಿಗೆ ಹುಡುಕುತ್ತಾರೆ, ಅಲೆಯನ್ನಲ್ಲ.

"ಎಲ್ಲಿ ಹುಡುಕ್ತಿದ್ರಿ?"

ಮಾವ ಕೈ ಚಾಚಿದರು. "ಆ ಕಂಬದಿಂದ ಈ ಕಂಬದವರೆಗೆ."

"ಅಷ್ಟೂನಾ?"

"ಹೂಂ."

"ಒಬ್ಬರೇ?"

"ಇವನಿದ್ದ. ದಡದಲ್ಲಿ."

ಅತ್ತೆ ನನ್ನನ್ನು ನೋಡಿದ ರೀತಿಯಿಂದ, ಅವರು ನನ್ನನ್ನು ಲೆಕ್ಕಕ್ಕೆ ಹಿಡಿಯಲಿಲ್ಲ ಎಂದು ತಿಳಿಯಿತು. ಮೆಟ್ಟಿಲ ಮೇಲೆ ಕೂತರು. ಮಾವನೂ ಪಕ್ಕದಲ್ಲಿ, ಒಂದು ಗೇಣು ಬಿಟ್ಟು ಕೂತರು. ಕೆಳಗೆ ಸ್ನಾನಕ್ಕೆ ಬಂದವರು ಕಿರುಚುತ್ತ ನೀರಿಗಿಳಿಯುತ್ತಿದ್ದರು. ನನ್ನ ಪಾಳಿ ಶುರುವಾಗಬೇಕಿತ್ತು, ಕೋಟು ಹಾಕಿಕೊಂಡು ಗೇಟಿನ ಹತ್ತಿರ ನಿಂತೆ. ತಿರುಗಿ ನೋಡುವಷ್ಟರಲ್ಲಿ ಅತ್ತೆಗೆ ಕೂತಲ್ಲೇ ನಿದ್ದೆ ಹತ್ತಿತ್ತು. ಆ ಒಂದು ಗೇಣು ಎಲ್ಲಿ ಹೋಯಿತೋ, ತಲೆ ಮಾವನ ಹೆಗಲ ಮೇಲಿತ್ತು. ಮಾವ ಕಂಬದ ಹಾಗೆ ನೆಟ್ಟಗೆ ಕೂತಿದ್ದರು.

ಮನೆ ಕಡೆಯ ಬಸ್ಸು ಬಂದು ನಿಂತಿತು. ಚಾಲಕ ಮೆಟ್ಟಿಲಿನ ಕಡೆ ನೋಡಿ, ಬರ್ತಾರಾ ಎಂದು ನನ್ನನ್ನು ಸನ್ನೆಯಲ್ಲಿ ಕೇಳಿದ. ಮಾವ ಅತ್ತೆಯ ತಲೆ ಅಲುಗದಂತೆ ಅಂಗೈಯನ್ನು ಮಾತ್ರ ಸ್ವಲ್ಪ ಎತ್ತಿದರು.

ನೀವು ಹೋಗಿ ಎಂದು ಚಾಲಕನಿಗೆ ಕೈ ಬೀಸಿದೆ.